ಎಲೆಯ ಹಸಿರು ಹಿಂದೆ ಬ್ಯಾಕ್ಟೀರಿಯಾ ಆಗಿತ್ತಂತೆ, ಹೌದಾ?

ತೋಟದವಳು, ಸೋಮವಾರಪೇಟೆ

ಈ ಸಲ ನಮ್ಮ ನರ್ಸರಿ ಮಡಿಯಲ್ಲಿ ಒಂದು ಕಾಫಿ ಸಸಿ ಹಾಲಿನಷ್ಟು ಬೆಳ್ಳಗೆ ಹುಟ್ಟಿತ್ತು. ಟೋಪಿ ಕಳಚಿ ಎರಡೆಲೆ ಬಿಡಿಸಿತು. ಅಕ್ಕಪಕ್ಕದವೆಲ್ಲ ಹಸಿರು. "ಪ್ಲಾಸ್ಟಿಕ್ ಕೊಟ್ಟೆ ದಂಡ, ಕಿತ್ತು ಬಿಸಾಡು" ಅಂದರು ಮನೆಯವರು. ಮನಸ್ಸಾಗಲಿಲ್ಲ. ತೆಂಗಿನ ಚಿಪ್ಪಿನಲ್ಲಿ ನೆಟ್ಟು ಜಗಲಿಯಲ್ಲಿಟ್ಟೆ. ಬೀಜದ ಸತ್ವ ಇರುವಷ್ಟು ದಿನ ಇತ್ತು, ಆಮೇಲೆ ಬಾಡಿಹೋಯಿತು.

ಪಿಯುಸಿ ಓದುವ ಮಗಳು ಹೇಳಿದಳು, ಕ್ಲೋರೋಪ್ಲಾಸ್ಟ್, ಅಂದರೆ ಎಲೆಯ ಕೋಶದೊಳಗೆ ಬಿಸಿಲಿನಿಂದ ಆಹಾರ ಮಾಡುವ ಹಸಿರು ಭಾಗ, ಕೆಟ್ಟಿದೆ, ಅದು ಹಿಂದೆ ಬೇರೆಯೇ ಬ್ಯಾಕ್ಟೀರಿಯಾ ಅಂತ. ಪುಸ್ತಕದಲ್ಲಿ ನೋಡಿದರೆ ಎರಡೇ ಸಾಲು, ಒಂದು ಕೋಶ ಅದನ್ನು ನುಂಗಿತ್ತಂತೆ. ನುಂಗಿದ್ದು ಅರಗದೆ ಉಳಿಯುತ್ತದಾ? ಗದ್ದೆಯ ನೀರಲ್ಲಿ ತೇಲುವ ಅಜೋಲಾ ಗಿಡದೊಳಗೂ ನೀಲಿ-ಹಸಿರು ಪಾಚಿ ಇದೆಯಲ್ಲ, ಅದೂ ಇದೇ ಕಥೆಯಾ?

ಪಾಚಿ ಮೇಷ್ಟ್ರು, ವಿರಾಜಪೇಟೆ

ಅಕ್ಕ, ಮಗಳು ಹೇಳಿದ್ದು ಸರಿ. ನೂರು ಕೋಟಿ ವರ್ಷಕ್ಕೂ ಹಿಂದೆ ಒಂದು ಕೋಶದೊಳಗೆ ಸಯನೋಬ್ಯಾಕ್ಟೀರಿಯಾ, ಅಂದರೆ ನೀವು ಹೇಳುವ ನೀಲಿ-ಹಸಿರು ಪಾಚಿ, ಸೇರಿಕೊಂಡಿತು. ಅರಗದೆ ಉಳಿಯುತ್ತದಾ ಅಂದಿರಿ. ಪಾಲಿನೆಲ್ಲಾ ಅಂತ ಒಂದು ಅಮೀಬಾ ಇದೆ. ಅದರ ನೆಂಟರು ಈಗಲೂ ಸಯನೋಬ್ಯಾಕ್ಟೀರಿಯಾ ತಿಂದು ಬದುಕುತ್ತಾರೆ. ಇದು ಮಾತ್ರ ಸುಮಾರು ಹತ್ತು ಕೋಟಿ ವರ್ಷದ ಹಿಂದೆ ಅಂಥದ್ದೊಂದನ್ನು ಒಳಗೇ ಇಟ್ಟುಕೊಂಡಿತು. ಈಗ ಊಟದ ಗೊಡವೆಯೇ ಇಲ್ಲ, ಬಿಸಿಲು ಸಾಕು.

ಅಜೋಲಾದ್ದು ಬೇರೆ. ಅದರ ಎಲೆಯಲ್ಲಿ ಪುಟ್ಟ ಪೊಟರೆ ಇರುತ್ತದೆ. ಪಾಚಿ ಅಲ್ಲಿರುತ್ತದೆ, ಕೋಶದೊಳಗಲ್ಲ. ಕೊಡವರ ಐನ್‌ಮನೆಯ ಹೊರಜಗಲಿ ಕೈಯಾಲೆಯಲ್ಲಿ ಕೂತ ಹಾಗೆ, ಒಳಗಿನ ನಡುಮನೆ ನಡುಬಾಡೆಗೆ ಕಾಲಿಟ್ಟಿಲ್ಲ. ಹಾಗಂತ ಹೊರಟುಹೋಗುವುದಕ್ಕೂ ಆಗುವುದಿಲ್ಲ, ಹೊರಗೆ ತೆಗೆದರೆ ಬದುಕುವುದಿಲ್ಲ.

ಕ್ಲೋರೋಪ್ಲಾಸ್ಟ್ ನಡುಬಾಡೆಗೇ ಬಂದದ್ದು. ಬಂದ ಮೇಲೆ ತನ್ನ ದಾಖಲೆ ಪತ್ರಗಳಲ್ಲಿ ಎಷ್ಟನ್ನೋ ಯಜಮಾನನ ಪೆಟ್ಟಿಗೆಗೆ ಒಪ್ಪಿಸಿತು. ಅಂದರೆ ಜೀನ್‌ಗಳು ಒಂದೊಂದಾಗಿ ಕೋಶದ ನ್ಯೂಕ್ಲಿಯಸ್‌ಗೆ ಹೋದವು, ಎಷ್ಟೋ ಕಳೆದೂ ಹೋದವು. ಸ್ವಂತವಾಗಿ ಬದುಕುವ ಸಯನೋಬ್ಯಾಕ್ಟೀರಿಯಾಕ್ಕೆ ಸಾವಿರಾರು ಜೀನ್. ಅರೇಬಿಕಾ ಕಾಫಿಯ ಕ್ಲೋರೋಪ್ಲಾಸ್ಟಿನಲ್ಲಿ 130. ಅದರ ಡಿಎನ್‌ಎ 2007ರಲ್ಲಿ ಪೂರ್ತಿ ಓದಿದ್ದಾರೆ, 1,55,189 ಅಕ್ಷರ. ಹಾಗಾಗಿ ನಿಮ್ಮ ಸಸಿಯಲ್ಲಿ ಕ್ಲೋರೋಪ್ಲಾಸ್ಟಿನದೇ ತಪ್ಪು ಅನ್ನುವಂತಿಲ್ಲ. ಪೆಟ್ಟಿಗೆಯಲ್ಲಿರುವ ಪತ್ರ ಹರಿದರೂ ಎಲೆ ಬೆಳ್ಳಗೇ.

ಕಕ್ಕಡ ಮಳೆ (ಇನ್ನೊಬ್ಬ ಓದುಗರು)

ಜರ್ಮನಿಯ ಸಸ್ಯವಿಜ್ಞಾನಿ ಕೊರೆನ್ಸ್ 1909ರಲ್ಲಿ ಸಂಜೆಮಲ್ಲಿಗೆಯಲ್ಲಿ ಇಂಥ ಬಿಳುಪನ್ನೇ ನೋಡಿದ್ದು. ಬಿಳಿ ಕೊಂಬೆಯ ಹೂವಿಗೆ ಯಾವ ಗಿಡದ ಪರಾಗ ಹಾಕಿದರೂ ಸಸಿ ಬಿಳಿ. ಅಲ್ಲಿ ಕ್ಲೋರೋಪ್ಲಾಸ್ಟ್ ತಾಯಿಯಿಂದಲೇ ಬರುವುದು, ಹಾಗಾಗಿ ತಾಯಿಯ ಕಡೆಯದೇ ನಡೆಯಿತು. ಬ್ಯಾಕ್ಟೀರಿಯಾ ಕಥೆ 1905ರಲ್ಲೇ ರಷ್ಯಾದ ಜೀವವಿಜ್ಞಾನಿ ಮೆರೆಶ್ಕೋವ್‌ಸ್ಕಿ ಹೇಳಿದ್ದ. ಜಾಸ್ತಿ ಜನ ಕಿವಿಗೆ ಹಾಕಿಕೊಳ್ಳಲಿಲ್ಲ. 1967ರಲ್ಲಿ ಅಮೆರಿಕದ ಜೀವವಿಜ್ಞಾನಿ ಲಿನ್ ಮಾರ್ಗುಲಿಸ್ ಮತ್ತೆ ಎತ್ತಿದರು.

ಪಾಚಿ ಮೇಷ್ಟ್ರು, ವಿರಾಜಪೇಟೆ

ಒಂದು ಮರೆತೆ. ಆಂಪಿಸಿಲಿನ್ ಬ್ಯಾಕ್ಟೀರಿಯಾ ತನ್ನ ಗೋಡೆ ಕಟ್ಟುವುದನ್ನು ತಡೆಯುವ ಔಷಧಿ, ಅಲ್ವಾ? ಫಿಸ್ಕೊಮಿಟ್ರೆಲ್ಲಾ ಅನ್ನುವ ಹಾವಸೆಗೆ ಅದನ್ನು ಕೊಟ್ಟರೆ ಕ್ಲೋರೋಪ್ಲಾಸ್ಟ್ ಒಡೆದು ಎರಡಾಗುವುದಿಲ್ಲ. ಕೋಶದ ತುಂಬ ಒಂದೇ ದೊಡ್ಡ ಹಸಿರು ಗಡ್ಡೆ. ಹಳೇ ಬ್ಯಾಕ್ಟೀರಿಯಾ ಬುದ್ಧಿ ಬಿಟ್ಟಿಲ್ಲ ನೋಡಿ.

ತೋಟದವಳು, ಸೋಮವಾರಪೇಟೆ

ಮೇಷ್ಟ್ರೇ, ಇದನ್ನು ಮಗಳಿಗೆ ಓದಿ ಹೇಳಿದ್ದೇ ತಪ್ಪಾಯ್ತು. ಆ ಚಿಪ್ಪಿಗೆ ಈಗ ಹಾವಸೆ ಹಿಡಿದಿದೆ. ಮದ್ದಿನ ಡಬ್ಬ ಹುಡುಕುತ್ತಾ ಕೂತಿದ್ದಾಳೆ.