ಇಮ್ಯಾಕ್ಸ್ ಕಾನ್ಫಿಗ್ ಪೂರ್ತಿ ಆರ್ಗ್ ಫೈಲಿನಲ್ಲಿ: ಬಳಸಿದವರು ಹೇಳಿ

ಇಮ್ಯಾಕ್ಸ್ ಎಡಿಟರ್ ಏಳುವಾಗ ಓದೋ ನನ್ನ ಸೆಟ್ಟಿಂಗ್ ಫೈಲ್ ಇನಿಟ್.ಇಎಲ್ ಸಾವಿರ ಸಾಲು ದಾಟಿದೆ. ಯಾವ ಸಾಲು ಯಾಕೆ ಹಾಕಿದೆ ಅಂತ ನನಗೇ ನೆನಪಿಲ್ಲ. ಇಮ್ಯಾಕ್ಸ್‌ನಲ್ಲಿ ಟಿಪ್ಪಣಿ ಬರೆಯೋಕಿರೋ ಆರ್ಗ್ ಮೋಡ್‌ನಲ್ಲಿ ವಿವರಣೆ, ಕೋಡ್ ಒಟ್ಟಿಗೆ ಬರೆದಿಡೋರು ಇದ್ದಾರಲ್ಲ, ಅದು ಪ್ರಯೋಜನಕ್ಕೆ ಬರುತ್ತಾ? ಇಮ್ಯಾಕ್ಸ್ ಏಳೋದು ತಡ ಆಗಲ್ವಾ?

*

ಖಂಡಿತ ಮಾಡಿ. ತಡ ಆಗೋದು ಬಿಡೋದು ನೀವು ಟ್ಯಾಂಗಲ್ (ಆರ್ಗ್ ಫೈಲಿನಿಂದ ಕೋಡ್ ಬ್ಲಾಕುಗಳನ್ನಷ್ಟೇ ತೆಗೆದು ಇಎಲ್ ಫೈಲಿಗೆ ಬರೆಯೋದು) ಯಾವಾಗ ಮಾಡ್ತೀರಿ ಅನ್ನೋದರ ಮೇಲಿದೆ. ಎಲ್ಲರೂ ಮೊದಲು ಹಿಡಿಯೋ ದಾರಿ ಇನಿಟ್.ಇಎಲ್‌ನಲ್ಲಿ ಆರ್ಗ್-ಬೇಬಲ್-ಲೋಡ್-ಫೈಲ್ ಅಂತ ಒಂದು ಸಾಲು. ಸುಲಭ, ಆದರೆ ಪ್ರತಿ ಸಲ ಆರ್ಗ್ ಮೋಡ್ ಪೂರ್ತಿ ಲೋಡ್ ಆಗುತ್ತೆ. ಸ್ಟ್ರೈಟ್ ತರಹದ ಪ್ಯಾಕೇಜ್ ಮ್ಯಾನೇಜರ್‌ನಿಂದ ಹೊಸ ಆರ್ಗ್ ಹಾಕಿಸಿದ್ರಂತೂ, ಇಮ್ಯಾಕ್ಸ್ ಜೊತೆಗೇ ಬಂದಿರೋ ಹಳೇ ಆರ್ಗ್ ಮೊದಲೇ ಲೋಡ್ ಆಗಿ ಎರಡಕ್ಕೂ ಜಗಳ.

ಅದರ ಬದಲು ಫೈಲ್ ಸೇವ್ ಮಾಡಿದಾಗಲೇ ಟ್ಯಾಂಗಲ್ ಆಗೋ ಹಾಗೆ ಹುಕ್ (ತಾನಾಗೇ ಓಡೋ ಕೋಡ್) ಹಾಕಿ, ಔಟ್‌ಪುಟ್ ನೇರ ಇನಿಟ್.ಇಎಲ್‌ಗೆ ಹೋಗಲಿ. ಏಳುವಾಗ ಇಮ್ಯಾಕ್ಸ್‌ಗೆ ಆರ್ಗ್ ಫೈಲಿನ ಸುದ್ದಿಯೇ ಬೇಡ. ಟೂಲ್‌ಬಾರ್ ತೆಗೆಯೋ ಸಾಲುಗಳ ಬ್ಲಾಕಿಗೆ ಮಾತ್ರ ಟ್ಯಾಂಗಲ್ ಗುರಿ ಅರ್ಲಿ-ಇನಿಟ್.ಇಎಲ್ ಅಂತ ಕೊಡಿ (ಇನಿಟ್.ಇಎಲ್‌ಗಿಂತ ಮೊದಲೇ ಓದೋ ಫೈಲ್, ಇಮ್ಯಾಕ್ಸ್ 27ರಿಂದ ಇದೆ).

ಲೋಡ್-ಫೈಲ್ ದಾರಿಯೇ ಸಾಕು ಅಂದ್ರೆ ಆರ್ಗ್ ಫೈಲಿಗೆ ಇನಿಟ್ ಅಂತ ಹೆಸರಿಡಬೇಡಿ. ಅದು ಅದೇ ಹೆಸರಿನ ಇಎಲ್ ಫೈಲ್ ಬರೆಯುತ್ತೆ. ಲೋಡ್ ಮಾಡೋ ಸಾಲೇ ಅಳಿಸಿ ಹೋಗುತ್ತೆ!

*

ನಾನು ಬಳಸಿ ಬಿಟ್ಟವನು. ಕಂಪ್ಯೂಟರ್ ವಿಜ್ಞಾನಿ ಕ್ನೂತ್ 1984ರಲ್ಲಿ ಲಿಟರೇಟ್ ಪ್ರೋಗ್ರಾಮಿಂಗ್ (ಹೀಗೆ ವಿವರಣೆ, ಕೋಡ್ ಒಟ್ಟಿಗೆ ಬರೆಯೋದು) ಬಗ್ಗೆ ಬರೆದಾಗ ಅವರ ಮುಂದೆ ಇದ್ದದ್ದು ಪುಟ ಜೋಡಿಸೋ ಟೆಕ್‌ನಂಥ ದೊಡ್ಡ ಪ್ರೋಗ್ರಾಮ್. ನಮ್ಮ ಥೀಮು, ಕೀ ಬೈಂಡಿಂಗ್‌ಗೆ ಅಷ್ಟು ಸಂಭ್ರಮ ಯಾಕೆ ಸ್ವಾಮಿ? ಪ್ಯಾಕೇಜುಗಳ ಸೆಟ್ಟಿಂಗ್ ಜೋಡಿಸಿಡೋ ಯೂಸ್-ಪ್ಯಾಕೇಜ್ ಈಗ ಇಮ್ಯಾಕ್ಸ್ 29ರಿಂದ ಒಳಗೇ ಬರುತ್ತೆ. ಒಂದೊಂದು ಪ್ಯಾಕೇಜಿಗೆ ಒಂದೊಂದು ತುಂಡು, ಮೇಲೆ ಎರಡು ಸಾಲು ಕಾಮೆಂಟ್, ಮುಗೀತು. ಎರರ್ ಬಂದ್ರೆ ತೋರಿಸೋದೂ ಇಎಲ್ ಫೈಲಿನ ಜಾಗ. ಆರ್ಗ್‌ನಲ್ಲಿ ಅದನ್ನ ಮತ್ತೆ ಹುಡುಕಬೇಕು.

*

ಮೇಲಿನವರಿಗೆ: ಬ್ಲಾಕಿನ ಹೆಡರಿನಲ್ಲಿ ಕಾಮೆಂಟ್ಸ್ ಲಿಂಕ್ ಅಂತ ಹಾಕಿದ್ರೆ ಇಎಲ್‌ನಿಂದ ಮೂಲ ಬ್ಲಾಕಿಗೆ ಹಾರಬಹುದು. ಎರರ್ ಹುಡುಕೋಕೆ ನನಗೆ ಆರ್ಗ್ ಇನ್ನೂ ಸಲೀಸು: ಅನುಮಾನ ಇರೋ ಹೆಡಿಂಗ್ ಮೇಲೆ ನಿಂತು ಕಂಟ್ರೋಲ್-ಸಿ, ಸೆಮಿಕೋಲನ್ ಒತ್ತಿದ್ರೆ ಆ ಇಡೀ ಭಾಗ ಟ್ಯಾಂಗಲ್ ಆಗಲ್ಲ.

ನಾನು ವಿವರಣೆ ಎಲ್ಲ ಕನ್ನಡದಲ್ಲೇ ಬರೆಯೋದು. ಕನ್ನಡ ಲಿಪಿಗೆ ನೋಟೋ ಸಾನ್ಸ್ ಕನ್ನಡ ಫಾಂಟ್ ಕಟ್ಟೋದು ಸೆಟ್-ಫಾಂಟ್‌ಸೆಟ್-ಫಾಂಟ್‌ನ ಒಂದೇ ಸಾಲು. ಅದರ ಮೇಲೆ, ಈ ಸಾಲಿಲ್ಲದೆ ಯಾವ ಫಾಂಟ್ ಬರ್ತಿತ್ತು, ಒತ್ತಕ್ಷರ ಎಲ್ಲಿ ಮುರೀತಿತ್ತು ಅಂತ ಒಂದು ಪ್ಯಾರಾ ಇದೆ. ಹೊಸ ಲ್ಯಾಪ್‌ಟಾಪ್‌ಗೆ ಹೋದಾಗ ಕೋಡ್‌ಗಿಂತ ಆ ಪ್ಯಾರಾನೇ ಕೆಲಸಕ್ಕೆ ಬಂದದ್ದು.

*

ಸರಿ, ಶುರು ಮಾಡ್ತೀನಿ. ಆದರೆ ಸಾವಿರ ಸಾಲನ್ನೂ ಇವತ್ತೇ ಕುಯ್ದು ಜೋಡಿಸಬೇಕಾ?

*

ಬೇಡ. ಎಲ್ಲಾನೂ ಒಂದೇ ಬ್ಲಾಕಿಗೆ ಸುರಿದು ಟ್ಯಾಂಗಲ್ ಮಾಡಿ, ಮೊದಲಿನ ಹಾಗೇ ಓಡುತ್ತೆ. ಮುಂದೆ ಯಾವುದಾದ್ರೂ ಸಾಲು ಮುಟ್ಟೋಕೆ ಹೋದಾಗ ಅಲ್ಲಿ ಕರ್ಸರ್ ಇಟ್ಟು ಕಂಟ್ರೋಲ್-ಸಿ, ಕಂಟ್ರೋಲ್-ವಿ, ಡಿ ಒತ್ತಿ. ಬ್ಲಾಕ್ ಅಲ್ಲಿಗೇ ಎರಡಾಗುತ್ತೆ. ನಡುವೆ ಹೆಡಿಂಗ್ ಹಾಕಿ ಬರೆಯಿರಿ. ಮುಟ್ಟದೇ ಇರೋದು ಹಾಗೇ ಬಿದ್ದಿರಲಿ.