ಪಿಎಚ್‌ಡಿ ಮುಗೀತು, ಕೆಲಸ ಎಲ್ಲಿ? – ಓದುಗರ ಸ್ಪಂದನ

(ಬೀದರಿನ ಕರೇಜ್, ಅಂದರೆ ನೆಲದಡಿಯ ಹಳೆಯ ನೀರಿನ ಸುರಂಗದ ಬಗ್ಗೆ ಇತಿಹಾಸದಲ್ಲಿ ಪಿಎಚ್‌ಡಿ ಮುಗಿಸಿ ಒಂದೂವರೆ ವರ್ಷವಾಯಿತು, ಅತಿಥಿ ಉಪನ್ಯಾಸಕಿಯಾಗಿದ್ದೇನೆ, ಮನೆಯಲ್ಲಿ ‘ಇಷ್ಟು ಓದಿ ಏನು ಬಂತು’ ಅನ್ನುತ್ತಾರೆ, ಈ ದಾರಿ ಬಿಟ್ಟುಬಿಡಲಾ ಎಂದು ಯಾದಗಿರಿಯ ಓದುಗಿಯೊಬ್ಬರು ಕೇಳಿದ್ದರು.)

ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ನಾನೂ ಆರು ವರ್ಷ ಅತಿಥಿ ಉಪನ್ಯಾಸಕಿಯಾಗಿದ್ದವಳು. ಸೆಮಿಸ್ಟರ್ ಮುಗಿಯುತ್ತಿದ್ದಂತೆ ಮುಂದೆ ಕರೆಯುತ್ತಾರೋ ಇಲ್ಲವೋ ಅನ್ನೋ ಚಿಂತೆ ಹೇಗಿರುತ್ತದೆ ಅಂತ ಗೊತ್ತು. 2022ರಲ್ಲಿ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪರೀಕ್ಷೆ ನಡೆಸಿತಲ್ಲ, ನನಗೆ ಕೆಲಸ ಸಿಕ್ಕಿದ್ದು ಅದರಲ್ಲೇ. ಅರ್ಜಿ ಕರೆದ ಮೇಲೆ ಓದಲು ಕೂತಿದ್ದರೆ ಖಂಡಿತ ಆಗುತ್ತಿರಲಿಲ್ಲ.

ನಿಮಗೆ ನೆಟ್ (ಕಾಲೇಜಿನಲ್ಲಿ ಪಾಠ ಮಾಡಲು ಬೇಕಾದ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ) ಅಥವಾ ಕೆ-ಸೆಟ್ (ಅದೇ ರೀತಿಯ ರಾಜ್ಯದ ಪರೀಕ್ಷೆ) ಆಗಿದೆಯಾ? ಪತ್ರದಲ್ಲಿ ಆ ಮಾತೇ ಇಲ್ಲ. 2023ರ ಜುಲೈಯಿಂದ ಈ ಹುದ್ದೆಗೆ ನೆಟ್ ಅಥವಾ ರಾಜ್ಯಮಟ್ಟದ ಸೆಟ್, ಸ್ಲೆಟ್ ಇವನ್ನೇ ಕನಿಷ್ಠ ಅರ್ಹತೆ ಎಂದು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಹೇಳಿದೆ. ಪಿಎಚ್‌ಡಿ ಇದೆ ಅಂತ ಸುಮ್ನೆ ಕೂರಬೇಡಿ. ಕೆ-ಸೆಟ್ ನಮ್ಮ ರಾಜ್ಯಕ್ಕೆ ಮಾತ್ರ. ನೆಟ್ ಆದರೆ ಹೈದರಾಬಾದ್, ಸೋಲಾಪುರದ ಕಡೆಗೂ ಅರ್ಜಿ ಹಾಕಬಹುದು, ನಮ್ಮ ಕಡೆಯವರಿಗೆ ಬೆಂಗಳೂರಿಗಿಂತ ಅವೇ ಹತ್ತಿರ ಅಲ್ವಾ? ಎರಡರಲ್ಲೂ 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ನೀವು ಒಂದೇ ವಿಷಯದಲ್ಲಿ ಆಳಕ್ಕೆ ಇಳಿದವರು, ಪರೀಕ್ಷೆ ಕೇಳುವುದು ಇಡೀ ಇತಿಹಾಸ. ಆದ್ದರಿಂದ ಎಂಎ ನೋಟ್ಸ್ ಹೊರಗೆ ತೆಗೆಯಿರಿ.

ಇನ್ನು ಸಂಶೋಧನಾ ಲೇಖನದ ವಿಚಾರ. ಹಣ ಕೊಟ್ಟರೆ ಮೂರು ದಿನದಲ್ಲಿ ಅಚ್ಚು ಹಾಕುತ್ತೇವೆ ಅನ್ನುವ ಪತ್ರಿಕೆಗಳಿಗೆ ದಯವಿಟ್ಟು ಒಂದು ರೂಪಾಯಿಯನ್ನೂ ಕೊಡಬೇಡಿ. ಯುಜಿಸಿಯ 2018ರ ನಿಯಮದಲ್ಲಿ ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಕರೆಯಲು ಪಿಎಚ್‌ಡಿಗೆ 30 ಅಂಕ, ಲೇಖನಕ್ಕೆ ಒಂದೊಂದಕ್ಕೆ 2ರಂತೆ ಗರಿಷ್ಠ 10. ಅಂದರೆ ಒಳ್ಳೆಯವು ಐದು ಸಾಕು! ಅದೂ ಸಂದರ್ಶನದ ಬಾಗಿಲವರೆಗೆ ಮಾತ್ರ, ಆಯ್ಕೆ ಆಗುವುದು ಒಳಗೆ ನೀವು ಹೇಗೆ ಮಾತಾಡುತ್ತೀರಿ ಅನ್ನೋದರ ಮೇಲೆ. ಬಹಮನಿ ಕಾಲದವರು ನೆಲದಡಿ ಸುರಂಗ ತೋಡಿ ನೀರು ತಂದದ್ದು ಎಂಥ ವಿಷಯ! ಬೀದರ್ ಪಕ್ಕದ ನೌಬಾದಿನ ಕರೇಜ್ ಕುರಿತ ಅಧ್ಯಾಯ ಒಂದನ್ನೇ ಬಿಡಿಸಿ ಒಂದು ಲೇಖನ ಮಾಡಿ. ಇಡೀ ಪ್ರಬಂಧವನ್ನು ಹತ್ತು ಪುಟಕ್ಕೆ ತುರುಕಬೇಡಿ, ನಾನು ಹಾಗೆ ಮಾಡಿ ಎರಡು ಕಡೆ ವಾಪಸ್ ಬಂದಿತ್ತು.
– ಅಕ್ಕ, ಕಲಬುರಗಿ

ಮೇಡಂ, ಕಾಗದಪತ್ರ ಈಗಲೇ ಸರಿಮಾಡಿಟ್ಟುಕೊಳ್ಳಿ. 371 ಜೆ ಪ್ರಮಾಣಪತ್ರ (ಕಲ್ಯಾಣ ಕರ್ನಾಟಕದ ಸ್ಥಳೀಯರು ಎಂದು ತೋರಿಸುವ ಪತ್ರ) ಇಲ್ಲದಿದ್ದರೆ ಎಸಿ (ಉಪವಿಭಾಗಾಧಿಕಾರಿ) ಕಚೇರಿಯಿಂದ ಮಾಡಿಸಿ. ನಮ್ಮ ಭಾಗದ ಎ ಮತ್ತು ಬಿ ಗುಂಪಿನ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ನೂರಕ್ಕೆ 75 ಮೀಸಲು ಇದೆ. ಕೊನೆಯ ದಿನ ಓಡಾಡಿ ಅರ್ಜಿ ತಪ್ಪಿಸಿಕೊಂಡವರನ್ನು ನಾನೇ ಕಂಡಿದ್ದೇನೆ. ಪಾಠ ಮಾಡಿದ ಪ್ರತಿ ವರ್ಷಕ್ಕೂ ಅನುಭವ ಪತ್ರ ಆಗಲೇ ಬರೆಸಿಕೊಳ್ಳಿ, ಪ್ರಾಂಶುಪಾಲರು ಬದಲಾದರೆ ಯಾರೂ ಕೊಡುವುದಿಲ್ಲ. ಮತ್ತೆ, ಖಾಸಗಿ ಕಾಲೇಜಿಗೆ ಸೇರಿದರೆ ಮೂಲ ಅಂಕಪಟ್ಟಿ ಕೈಬಿಡಬೇಡಿ. ನಾನು ಒಂದು ಕಡೆ ಕೊಟ್ಟೆ. ಬೇರೆ ಕಡೆ ಸಂದರ್ಶನ ಬಂದಾಗ ಅವರು ವಾಪಸ್ ಕೊಡಲು ಸತಾಯಿಸಿದರು, ಆ ಸಂದರ್ಶನ ಹೋಯಿತು. ಇವತ್ತಿಗೂ ಹೊಟ್ಟೆ ಉರಿಯುತ್ತದೆ.
– ಬೀದರಿನಿಂದ ಒಬ್ಬ ಅಣ್ಣ

ಅಕ್ಕಾ, ನಾನೂ ಯಾದಗಿರಿಯವಳೇ, ಪಿಎಚ್‌ಡಿ ಮೂರನೇ ವರ್ಷ. ಮನೆಯವರ ಮಾತು ನನಗೂ ತಪ್ಪಿಲ್ಲ. ಯಾವ ಪರೀಕ್ಷೆ, ಅರ್ಜಿ ಯಾವಾಗ ಅಂತ ಒಂದು ಹಾಳೆಯಲ್ಲಿ ಬರೆದು ಅವ್ವನಿಗೆ ಓದಿ ಹೇಳಿದ ಮೇಲೆ ಕೇಳುವುದು ಸ್ವಲ್ಪ ಕಮ್ಮಿ ಆಗಿದೆ. ನಾವು ನಾಲ್ಕು ಜನ ಭಾನುವಾರ ಹಳೆಯ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಕೂರುತ್ತೇವೆ. ಇತಿಹಾಸದವರು ಒಬ್ಬರೂ ಇಲ್ಲ, ಆದರೂ ನೆಟ್, ಕೆ-ಸೆಟ್‌ನ ಮೊದಲ ಪತ್ರಿಕೆ ಎಲ್ಲ ವಿಷಯದವರಿಗೂ ಒಂದೇ. ಬರ್ತೀರಾ?
– ಯಾದಗಿರಿಯ ತಂಗಿ