‘ಎರರ್’ ಅಂದರೆ ದೋಷವೋ, ತಪ್ಪೋ?

ಎಲ್ಲರಿಗೂ ನಮಸ್ಕಾರ.

ಪಿಯುಸಿ ಮಕ್ಕಳಿಗೆ ಒಂದು ಪ್ರಯೋಗದ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಪಣಂಬೂರಿನಿಂದ ತಂದ ಕಡಲ ನೀರಿನ ಸಾಂದ್ರತೆ (ಇಷ್ಟು ಗಾತ್ರಕ್ಕೆ ಎಷ್ಟು ತೂಕ, ಅಂದರೆ ಡೆನ್ಸಿಟಿ) ಅಳೆಯುವುದು, ಅಷ್ಟೇ. ಕೊನೆಗೆ ‘ಸೋರ್ಸಸ್ ಆಫ್ ಎರರ್’ ಅಂತ, ಅಳತೆ ನಿಜಕ್ಕಿಂತ ಆಚೀಚೆ ಬರಲು ಏನು ಕಾರಣ ಅಂತ ಹೇಳುವ ಒಂದು ಭಾಗ ಇರುತ್ತದಲ್ಲ, ಸಿಕ್ಕಿಹಾಕಿಕೊಂಡಿದ್ದು ಅಲ್ಲೇ. ‘ದೋಷದ ಮೂಲಗಳು’ ಅಂತ ಬರೆದೆ. ಓದಿದ ಹುಡುಗಿ, "ಸರ್, ನಾವೇನು ತಪ್ಪು ಮಾಡಿದೆವು?" ಅಂದಳು! ಇನ್ನೊಬ್ಬ ಆ ಜಾಗದಲ್ಲಿ ‘ಗಮನ ಇಟ್ಟು ಮಾಡಲಿಲ್ಲ’ ಅಂತ ಬರೆದಿದ್ದ, ಪಾಪ.

ಯಾರದೂ ತಪ್ಪಿಲ್ಲ ಇಲ್ಲಿ. 25 ಮಿ.ಲೀ. ಸ್ಪೆಸಿಫಿಕ್ ಗ್ರಾವಿಟಿ ಬಾಟಲಿಯಲ್ಲಿ (ಪ್ರತಿ ಸಲವೂ ಅಷ್ಟೇ ಗಾತ್ರದ ದ್ರವ ತುಂಬಿ ತೂಗುವ ಬಾಟಲಿ) ಕಡಲ ನೀರಿಗೂ ಸಿಹಿನೀರಿಗೂ ಇರುವ ತೂಕದ ಅಂತರ ಅರ್ಧ ಗ್ರಾಂಗಿಂತ ಸ್ವಲ್ಪ ಜಾಸ್ತಿ. ಒಂದು ಹನಿ ಸುಮಾರು 0.05 ಗ್ರಾಂ. ಅದು ಬಾಟಲಿಯ ಹೊರಗೆ ಅಂಟಿಕೊಂಡರೆ ತೂಕ ಹೆಚ್ಚು ಬರುತ್ತದೆ, ಒಳಗೆ ಗುಳ್ಳೆ ನಿಂತರೆ ಕಡಿಮೆ ಬರುತ್ತದೆ. ಹತ್ತು ಸಲ ಅಳೆದು ಸರಾಸರಿ ತೆಗೆದರೆ ಇದು ಸುಮಾರಾಗಿ ಸರಿದೂಗುತ್ತದೆ. ಆದರೆ 25 ಅಂತ ಬರೆದ ಬಾಟಲಿ ನಿಜಕ್ಕೂ 24.9 ಹಿಡಿಯುವಂಥದ್ದಾದರೆ ಸಾಂದ್ರತೆ ಪ್ರತಿ ಸಲವೂ ಘನ ಮೀಟರಿಗೆ 4 ಕಿಲೋ ಕಡಿಮೆಯೇ ಬರುತ್ತದೆ, ಅದಕ್ಕೆ ಸರಾಸರಿ ಏನೂ ಮಾಡಲಾರದು. 20 ಡಿಗ್ರಿಗೆ ಗುರುತು ಹಾಕಿದ ಹೈಡ್ರೋಮೀಟರನ್ನು (ಎಷ್ಟು ಮುಳುಗುತ್ತದೆ ಅಂತ ನೋಡಿ ಸಾಂದ್ರತೆ ಓದುವ ಸಾಧನ) ನಮ್ಮ 30 ಡಿಗ್ರಿ ನೀರಿನಲ್ಲಿ ತೇಲಿಸಿ, ಬಂದ ಅಂಕಿಯನ್ನು 20 ಡಿಗ್ರಿಯದೇ ಅಂತ ಬರೆದುಕೊಂಡರೂ ಇದೇ ಕಥೆ, ಸುಮಾರು 3 ಕಿಲೋ ಕಡಿಮೆ.

ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುವುದು (ರ್‍ಯಾಂಡಮ್ ಎರರ್) ಒಂದು, ಪ್ರತಿ ಸಲವೂ ಒಂದೇ ಕಡೆಗೆ ಸರಿಯುವುದು (ಸಿಸ್ಟಮ್ಯಾಟಿಕ್ ಎರರ್) ಇನ್ನೊಂದು; ಈ ಎರಡನ್ನೂ ಬೇರೆ ಬೇರೆ ಹೇಳಬೇಕು. ಮೊದಲನೆಯದಕ್ಕೆ ಇರುವ ‘ಯಾದೃಚ್ಛಿಕ ದೋಷ’ ಮಕ್ಕಳ ನಾಲಿಗೆಗೇ ಸಿಗುವುದಿಲ್ಲ. ಎರಡನೆಯದಕ್ಕೆ ಇರುವ ‘ಕ್ರಮಬದ್ಧ ದೋಷ’ ಅಂದರೆ ಶಿಸ್ತಾಗಿ ಮಾಡಿದ ತಪ್ಪು ಅನ್ನಿಸುತ್ತದೆ, ಅಲ್ವಾ? ಎರಡನೆಯದಕ್ಕೆ ನನಗೆ ‘ವಾಲು’ ಹಿಡಿಸಿದೆ. ತಕ್ಕಡಿ ಒಂದು ಕಡೆಗೆ ವಾಲಿದೆ ಅನ್ನುತ್ತೇವಲ್ಲ, ಹಾಗೆ. ಮೊದಲನೆಯದಕ್ಕೆ ‘ಏರುಪೇರು’ ಅಂದುಕೊಂಡೆ, ಆದರೆ ‘ಆರೋಗ್ಯದಲ್ಲಿ ಏರುಪೇರು’ ಅಂತ ಕೇಳಿ ಕೇಳಿ ಅದಕ್ಕೂ ಏನೋ ಕೆಟ್ಟಿದೆ ಅನ್ನುವ ವಾಸನೆ ಬಂದಿದೆ. ‘ಏರಿಳಿತ’ ಆದೀತೇ? ‘ವ್ಯತ್ಯಾಸ’ ಬೇಡ, ಸಿಹಿನೀರು-ಉಪ್ಪುನೀರಿನ ವ್ಯತ್ಯಾಸದ ಜೊತೆ ಕಲಸಿಹೋಗುತ್ತದೆ. ಎರಡಕ್ಕೂ ಸೇರಿ ತಲೆಬರಹಕ್ಕೆ ಒಂದು ಪದ ಇನ್ನೂ ಸಿಕ್ಕಿಲ್ಲ.

ಹಾಗೇ ಇನ್ನೊಂದು. ‘ಸಾಂದ್ರ ಆಮ್ಲ’ ಅಂದಾಗ ಸಾಂದ್ರ ಅಂದರೆ ನೀರು ಬೆರೆಸದ, ಗಟ್ಟಿಯಾದ ಅಂತ. ಹಾಗಾಗಿ ‘ಕಡಲ ನೀರಿನ ಸಾಂದ್ರತೆ’ ಅಂದರೆ ಉಪ್ಪು ಎಷ್ಟಿದೆ ಅಂತ ಓದಿಕೊಳ್ಳುವ ಮಕ್ಕಳಿದ್ದಾರೆ. ಇದನ್ನು ನೀವೆಲ್ಲ ಹೇಗೆ ಬಿಡಿಸುತ್ತೀರಿ?